ಬೀಗದಣ್ಣನ ಮೊದಲ ಸ್ಥಾನ

ನಮ್ಮ ಭಾವ ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಮನೆಗೆ ಹೋದರೆ "ಬಾ" ಅನ್ನುತ್ತಾರೆ, ಹೊರಟರೆ "ಹುಂ" ಅನ್ನುತ್ತಾರೆ. ನಡುವಿನ ಮಾತೆಲ್ಲ ಅಕ್ಕನದು. ಭಾವನದು ಬೀಗ ರಿಪೇರಿ ಕೆಲಸ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಗೋಡೆ ತುಂಬ ಮೊಳೆ, ಒಂದೊಂದು ಮೊಳೆಗೂ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳ ಗೊಂಚಲು. ಬೀಗ ಹೇಗೆ ಕೆಟ್ಟಿತು, ತಪ್ಪು ಗಂಡನದೋ ಹೆಂಡತಿಯದೋ ಎಂದು ಗಿರಾಕಿ ಪುರಾಣ ಬಿಚ್ಚುವಷ್ಟರಲ್ಲಿ ಭಾವ ಬೀಗ ತೆಗೆದು "ಆಯ್ತು" ಅಂದಿರುತ್ತಾರೆ. ಬೀದಿಯವರೆಲ್ಲ ಅವರನ್ನು ಬೀಗದಣ್ಣ ಅನ್ನುತ್ತಾರೆ. ಆ ಹೆಸರು ಕೆಲಸ ನೋಡಿ ಇಟ್ಟದ್ದೋ ಬಾಯಿ ನೋಡಿ ಇಟ್ಟದ್ದೋ, ನನಗೆ ಮೊದಲಿಂದಲೂ ಅನುಮಾನ.

ಇಂಥ ಮನುಷ್ಯ ಒಂದು ದಿನ ಬರಹಗಾರರಾದರು. ಅದಕ್ಕೆ ಕಾರಣ ಅವರ ಹಳೆಯ ಶಿಷ್ಯ. ಭಾವನ ಕೈಯಲ್ಲೇ ಕೆಲಸ ಕಲಿತು ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟವನು ಆತ. ಭಾವ ಕೂರುವ ಅದೇ ಕಟ್ಟಡದ ಮೂರನೇ ಮಹಡಿಯವರು ಕೀಲಿಕೈ ಕಳೆದುಕೊಂಡಾಗ ಕೆಳಗೆ ಬಗ್ಗಿ ನೋಡಲಿಲ್ಲ, ಫೋನಿನಲ್ಲಿ ಹುಡುಕಿದರು. ಮೊದಲು ಬಂದದ್ದು ಶಿಷ್ಯನ ಬ್ಲಾಗು. ಆತ ಚೀಲ ಹೆಗಲಿಗೇರಿಸಿ ಬಂದ, ಭಾವನಿಗೆ ಕೈ ಮುಗಿದ, ಅವರ ತಲೆಯ ಮೇಲಿನ ಮೆಟ್ಟಿಲನ್ನೇ ತುಳಿದುಕೊಂಡು ಹತ್ತಿ ಹೋದ. ಒಂದೊಂದು ಹೆಜ್ಜೆಯ ಸದ್ದೂ ಅಂಗಡಿಯೊಳಗೆ ಕೇಳಿಸಿತು. ತಲೆ ಮೇಲೆ ಕಾಲಿಟ್ಟ ಅನ್ನುವುದನ್ನು ನಾನು ಅಲ್ಲಿಯವರೆಗೆ ಬರೀ ಮಾತು ಅಂದುಕೊಂಡಿದ್ದೆ.

ಭಾವ ಅಂದೇ ಸಂಜೆ ರ‍್ಯಾಂಕು ಮೇಷ್ಟ್ರ ಹತ್ತಿರ ಹೋದರು. ಈ ಮೇಷ್ಟ್ರು ಯಾವ ಶಾಲೆಯವರೂ ಅಲ್ಲ. ಮೊದಲು ವಿಮೆ ಮಾಡಿಸುತ್ತಿದ್ದರು, ಆಮೇಲೆ ಕೂದಲು ಬೆಳೆಸುವ ಎಣ್ಣೆ ಮಾರಿದರು, ಈಗ ಜನರ ಬ್ಲಾಗುಗಳನ್ನು ಹುಡುಕಾಟದಲ್ಲಿ ಮೇಲಕ್ಕೇರಿಸುತ್ತೇನೆ ಎನ್ನುತ್ತಾರೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದನ್ನೂ ಹೇಳಬೇಕು. "ನೋಡಿ ಅಣ್ಣ, ಜನ ಹುಡುಕೋ ಮಾತು ನಿಮ್ಮ ಪುಟದಲ್ಲಿರಬೇಕು. ನಾಲ್ಕು ಜನ ತಮ್ಮ ಪುಟದಿಂದ ನಿಮ್ಮ ಕಡೆ ದಾರಿ ತೋರಿಸ್ಬೇಕು. ಬಂದವರು ಹಾಗೇ ವಾಪಸ್ ಓಡಬಾರ್ದು. ಇಷ್ಟಾದ್ರೆ ಮೇಲೆ ಬರ್ತೀರಿ. ಮೇಲೆ ಬಂದ್ರೆ ಪುಟದಲ್ಲಿ ಜಾಹೀರಾತು ಹಾಕಿ ಕೂತಲ್ಲೇ ಸಂಪಾದನೆ."

ಭಾವ ಮೂರು ಸಾಲಿನ ಬ್ಲಾಗು ತೆರೆದರು. ವಾರ ಕಳೆಯುವಷ್ಟರಲ್ಲಿ ನನ್ನ ಮುಂದೆ ಫೋನು ಹಿಡಿದು "ನೋಡು" ಅಂದರು. ನಿಜ, ಅವರ ಪುಟವೇ ಮೊದಲಿತ್ತು. ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ನಾನು ನನ್ನ ಫೋನಿನಲ್ಲಿ ಹುಡುಕಿದೆ; ಎಷ್ಟು ಕೆಳಗೆ ಹೋದರೂ ಭಾವನ ಸುಳಿವಿಲ್ಲ. ಆಗ ಗುಟ್ಟು ಬಯಲಾಯಿತು. ಭಾವ, ಅಕ್ಕ, ಮಗ ಎಲ್ಲರೂ ಭಾವನ ಫೋನಿನಲ್ಲೇ ಬೆಳಗಿಂದ ಸಂಜೆಯವರೆಗೆ ಆ ಪುಟವನ್ನೇ ಹುಡುಕಿ ಒತ್ತುತ್ತಿದ್ದರು. ಇವರಿಗೆ ಬೇಕಾದದ್ದು ಇದೇ ಎಂದು ಪಾಪ ಫೋನು ಅದನ್ನೇ ಮೊದಲು ತೋರಿಸುತ್ತಿತ್ತು. ಭಾವ ತಮ್ಮ ಮನೆಯೊಳಗೆ ಮಾತ್ರ ಲೋಕಪ್ರಸಿದ್ಧರಾಗಿದ್ದರು.

"ಉದ್ದ ಸಾಲ್ದು," ಅಂದರು ಮೇಷ್ಟ್ರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಂದೇ ಪದ ಒಂದೇ ಸಾಲಿನಲ್ಲಿ ಎರಡು ಸಲ ಬಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಭಾವ ಬರೆದು ತಂದದ್ದು ಹೀಗಿತ್ತು: "ಬಾತ್‌ರೂಮ್ ಬಾಗಿಲು ಲಾಕ್ ಆದರೆ ತೆಗೆಯುವುದು ಹೇಗೆ ಎಂದು ಹುಡುಕುತ್ತಿದ್ದೀರಾ? ಬಾತ್‌ರೂಮ್ ಬಾಗಿಲು ಲಾಕ್ ಆದರೆ ತೆಗೆಯುವುದು ಹೇಗೆ ಎಂದು ಹಲವರು ಹುಡುಕುತ್ತಾರೆ. ಬಾತ್‌ರೂಮ್ ಬಾಗಿಲು ಲಾಕ್ ಆದರೆ ತೆಗೆಯುವುದು ಹೇಗೆ ಎಂದು ತಿಳಿಯುವ ಮೊದಲು, ಬಾಗಿಲು ಎಂದರೇನು ಎಂದು ತಿಳಿಯೋಣ."

ನಾನು ಕೆಂಪು ಪೆನ್ನು ತೆಗೆದೆ. ಭಾವ ಕಾಗದ ಕಿತ್ತುಕೊಂಡರು. ಎದುರಿಗೆ ತುಟಿ ಪಿಟಕ್ಕೆನ್ನದ ಮನುಷ್ಯ ಬ್ಲಾಗಿನಲ್ಲಿ ಬಾಗಿಲಿನ ಹುಟ್ಟು, ಬಾಗಿಲಿನ ಬಗೆಗಳು, ರಾಜರ ಕಾಲದ ಬೀಗಗಳು, ಬೀಗ ಮತ್ತು ನಂಬಿಕೆ ಎಂದು ಹರಿಯತೊಡಗಿದರು. ಬಾಗಿಲು ತೆಗೆಯುವ ಉಪಾಯ ಮಾತ್ರ ತಳ ಸೇರಿತು. "ಉತ್ತರ ಮೊದಲೇ ಕೊಟ್ರೆ ಯಾರು ನಿಲ್ತಾರೆ?" ಅನ್ನುವುದು ಮೇಷ್ಟ್ರ ವಾದ. ಪ್ಯಾರಾಗೊಂದು ಜಾಹೀರಾತು ಬಂದು ಕೂತಿತು. ಸಂಪಾದನೆ? ತಿಂಗಳಿಡೀ ಬಂದದ್ದರಲ್ಲಿ ಕೀಲಿಕೈ ಉಜ್ಜುವ ಒಂದು ಒಳ್ಳೆಯ ಅರ ಕೊಳ್ಳಲೂ ಆಗುತ್ತಿರಲಿಲ್ಲ. ಇತ್ತ ಬರೆಯುವ ಗಡಿಬಿಡಿಯಲ್ಲಿ ಭಾವ ಅಂಗಡಿಗೆ ಬಂದವರಿಗೆ "ನಾಳೆ" ಅನ್ನಲು ಕಲಿತರು.

ಆದರೂ ಒಂದು ಮಧ್ಯಾಹ್ನ ಅದು ಆಗಿಯೇ ಬಿಟ್ಟಿತು. ನಾನು ಅಂಗಡಿಯಲ್ಲಿದ್ದೆ. ಮೇಷ್ಟ್ರು ಓಡಿ ಬಂದು ತಮ್ಮ ಫೋನು ತೋರಿಸಿದರು, ನನ್ನದರಲ್ಲೂ ಹುಡುಕಿಸಿದರು, ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನದರಲ್ಲೂ ಹುಡುಕಿಸಿದರು. ಎಲ್ಲದರಲ್ಲೂ ಭಾವನೇ ಮೊದಲು, ಶಿಷ್ಯ ಎರಡನೆಯವನು. ಭಾವನ ಮುಖ ನೋಡಬೇಕಿತ್ತು. ತಮ್ಮ ಫೋನು ತೆಗೆದು ಪುಟಕ್ಕೆ ಎಷ್ಟು ಜನ ಬಂದಿದ್ದಾರೆ ಎಂದು ನೋಡುತ್ತ ಕೂತರು. ಅಷ್ಟರಲ್ಲಿ ಪರದೆಯ ಮೇಲೆ ಸೊಸೆಯ ಕರೆ ಬಂತು. ಕಟ್ ಮಾಡಿದರು. ಮತ್ತೆ ಬಂತು. ಮತ್ತೆ ಕಟ್ ಮಾಡಿದರು.

ಸ್ವಲ್ಪ ಹೊತ್ತಿಗೆ ಸೊಸೆಯೇ ಬಂದಳು. ಕಾಲಲ್ಲಿ ಚಪ್ಪಲಿ ಇಲ್ಲ, ಸೊಂಟದ ಮೇಲೆ ಟವೆಲ್ಲು ಸುತ್ತಿದ ಪುಟ್ಟಿ. ಪುಟ್ಟಿ ಅಂದರೆ ಭಾವನ ಮೊಮ್ಮಗಳು, ಇನ್ನೂ ತೊದಲು ಮಾತಿನ ಕೂಸು. ಅತ್ತು ಅತ್ತು ಬಿಕ್ಕಳಿಸುತ್ತಿತ್ತು.

"ಫೋನ್ ಯಾಕೆ ಕಟ್ ಮಾಡಿದ್ರಿ ಮಾವ? ಪುಟ್ಟಿ ಬಾತ್‌ರೂಮಿಗೆ ಹೋಗಿ ಒಳಗಿಂದ ಲಾಕ್ ಒತ್ತಿಬಿಟ್ಟಿದ್ಳು. ಬಿಸಿನೀರಿನ ನಲ್ಲಿ ಬೇರೆ ತಿರುಗಿಸಿದ್ಳು. ಒಳಗಿಂದ ಕಿರುಚ್ತಾ ಇದ್ಳು, ಬಾಗಿಲ ಸಂದಿಯಿಂದ ಹಬೆ ಬರ್ತಿತ್ತು. ಅತ್ತೇನೂ ಮನೇಲಿರಲಿಲ್ಲ. ಫೋನಲ್ಲಿ ಹುಡುಕಿದೆ. ನಿಮ್ಮ ಪುಟಾನೇ ಮೊದಲು ಬಂತು. ಸದ್ಯ, ಮಾವ ಇದ್ದಾರಲ್ಲ ಅಂದ್ಕೊಂಡೆ."

ಭಾವ ಎದ್ದರು. ತಲೆ ಮೆಟ್ಟಿಲಿಗೆ ತಾಗಿದ್ದೂ ಅವರಿಗೆ ತಿಳಿಯಲಿಲ್ಲ.

"ಓದಿದೆ ಮಾವ. ಬಾಗಿಲು ಅಂದ್ರೇನು ಅಂತಿತ್ತು. ರಾಜರ ಬೀಗ ಅಂತಿತ್ತು. ಇವಳು ಒಳಗೆ ಕಿರುಚ್ತಾ ಇದ್ದಾಳೆ, ನಾನು ಇಲ್ಲಿ ರಾಜರ ಬೀಗ ಓದ್ತಾ ಇದೀನಿ. ಕೆಳಗೆ ಹೋಗೋಣ ಅಂದ್ರೆ ಜಾಹೀರಾತಿಗೆ ಬೆರಳು ತಾಗಿ ಸೋಫಾ ಅಂಗಡಿ ತೆರ್ಕೊಂತು. ಉತ್ತರ ಎಲ್ಲಿಟ್ಟಿದ್ರಿ?"

"ಕೊನೇಲಿ," ಅಂದರು ಭಾವ.

"ಮತ್ತೆ ಬಾಗಿಲು ಹೇಗೆ ತೆಗೆದೆಯಮ್ಮ?" ಎಂದು ನಾನು ಕೇಳಿದೆ.

"ವಾಪಸ್ ಬಂದು ಎರಡನೇದನ್ನ ಒತ್ತಿದೆ," ಎಂದು ಫೋನು ಚಾಚಿದಳು. ಅವಳ ಇನ್ನೊಂದು ಕೈಯಲ್ಲಿ ನೆಟ್ಟಗೆ ಮಾಡಿದ ಹೇರ್‌ಪಿನ್ನು ಹಾಗೇ ಇತ್ತು. ಶಿಷ್ಯನ ಪುಟದಲ್ಲಿ ಒಂದು ಚಿತ್ರ, ಅದರ ಕೆಳಗೆ ಇಷ್ಟೇ: "ಹಿಡಿಯ ನಡುವೆ ಸಣ್ಣ ತೂತಿದೆ. ಪಿನ್ನು ನೆಟ್ಟಗೆ ಮಾಡಿ ಒಳಕ್ಕೆ ಒತ್ತಿ. ತಿರುಗಿಸಿ. ಆಯ್ತು."

ಆ "ಆಯ್ತು" ಯಾರ ಅಂಗಡಿಯದು ಎಂದು ನಮಗೆಲ್ಲ ಗೊತ್ತಿತ್ತು. ಭಾವ ಮಗುವಿನ ಪಾದ ಕೈಯಲ್ಲಿ ಹಿಡಿದರು. ಬೆರಳುಗಳು ಕೆಂಪಗಾಗಿದ್ದವು, ಪುಣ್ಯಕ್ಕೆ ಬೊಬ್ಬೆ ಎದ್ದಿರಲಿಲ್ಲ. ಭಾವ ಅತ್ತರು. ಅಳುವವರ ಮೇಲೆ ಸಿಟ್ಟು ಮಾಡಬಾರದು, ಆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು ಯಾವಾಗ ಜಾಗ ಖಾಲಿ ಮಾಡಿದರೋ ಯಾರೂ ನೋಡಲಿಲ್ಲ.

ಮರುದಿನ ಭಾವ ಅಚ್ಚುಕೂಟಕ್ಕೆ ಬಂದು ಬ್ಲಾಗಿನ ಬರಹವನ್ನೆಲ್ಲ ನನ್ನ ಮೇಜಿನ ಮೇಲಿಟ್ಟು "ಹೊಡಿ" ಅಂದರು. ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಕೆಂಪು ಪೆನ್ನು ಆಡಿಸಿದ್ದಿಲ್ಲ. ಬಾಗಿಲಿನ ಹುಟ್ಟು ಹೋಯಿತು, ರಾಜರು ಹೋದರು, ನಂಬಿಕೆ ಹೋಯಿತು, ಸೋಫಾ ಹೋಯಿತು. ಪುಟಕ್ಕೆ ಎರಡು ಸಾಲು ಉಳಿಯಿತು. ದಿನ ಕಳೆದಂತೆ ಭಾವನ ಪುಟ ಕೆಳಗಿಳಿಯಿತು, ಶಿಷ್ಯ ಮತ್ತೆ ಮೇಲೆ ಹೋದ.

ಮೇಷ್ಟ್ರು ಒಂದು ದಿನ ಅಂಗಡಿಯ ಮುಂದೆ ನಿಂತು ಗೋಳಾಡಿದರು. "ಎಲ್ಲ ಹಾಳು ಮಾಡ್ಕೊಂಡ್ರಲ್ಲ ಅಣ್ಣ! ಜನ ಬರ್ತಾರೆ, ಎರಡು ಸಾಲು ಓದ್ತಾರೆ, ಹೋಗ್ತಾರೆ. ಯಾರೂ ನಿಲ್ಲೋದೇ ಇಲ್ಲ!"

ಭಾವ ಅರದಿಂದ ಕೀಲಿಕೈಯ ಹಲ್ಲು ಉಜ್ಜುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬಾಗಿಲು ತೆರೆದ ಮೇಲೆ ಹೊರಗೆ ಯಾಕೆ ನಿಂತಿರ್ತಾರೆ?"

ಭಾವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ.