ರೇವಣಶೇಟರ ಮಣ್ಣು ಮೆತ್ತಿದ ಟ್ಯಾಂಕು

ಹೊಸ ವಸ್ತು ಕಂಡರೆ ಮುಖ ಕಿವುಚುವ ವ್ಯಾಪಾರಿಯನ್ನು ನಾನು ನೋಡಿದ್ದು ಒಬ್ಬರನ್ನೇ. ಸೊಲ್ಲಾಪುರದ ಪೇಟೆಯಲ್ಲಿ ಮೂರು ತಲೆಮಾರಿನಿಂದ ಚಾದರು ಮಾರುವ ಮನೆತನದ ಕಿರಿಯ ಮಗ ರೇವಣಸಿದ್ದಪ್ಪ. ಎಲ್ಲರ ಬಾಯಲ್ಲಿ ರೇವಣಶೇಟ. ಬೆಳಗಿನಿಂದ ಗಾದಿಯ ಮೇಲೆ ಕುಳಿತು ಗರಿಗರಿ ಚಾದರು ಬಿಡಿಸಿ "ಬಣ್ಣ ಹೋಗೂದಿಲ್ರಿ, ಗ್ಯಾರಂಟಿ" ಎನ್ನುತ್ತಿದ್ದವರು, ಮಧ್ಯಾಹ್ನ ಪೇಟೆಯ ಬಾಗಿಲುಗಳು ಅರ್ಧ ಇಳಿದ ಕೂಡಲೇ ನನ್ನ ಬಳಿ ಬಂದು, ಇದ್ದ ಬಣ್ಣ ಹೋಗುವಂತೆ ಮಾಡುವುದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಿದ್ದರು.

ಅವರ ಬಳಿ ಒಂದು ಯುದ್ಧದ ಟ್ಯಾಂಕು ಇತ್ತು. ನಿಜವಾದದ್ದಲ್ಲ. ನಿಜವಾದದ್ದರ ಹದಿನಾರನೇ ಒಂದು ಪಾಲಿನ ಅಳತೆಯಲ್ಲಿ ಮಾಡಿದ, ಎರಡು ಕೈಗಳಲ್ಲಿ ಎತ್ತಬಹುದಾದ, ರಿಮೋಟಿನಿಂದ ಓಡುವ ಮಾದರಿ. ಆಟಿಕೆ ಎಂದರೆ ಅವರಿಗೆ ಬೇಸರವಾಗುತ್ತಿತ್ತು. ನಾನು ಬೇಕೆಂದೇ ಹಾಗೆ ಅನ್ನುತ್ತಿದ್ದೆ.

ನನ್ನದು ಅಕ್ಕಲಕೋಟ ರಸ್ತೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಊರು ಹನ್ನೂರ. ಗಿರಾಕಿಗಳೆಲ್ಲ ರೈತರು, ಪಂಪು ಜೋರಾಗಿ ಓಡಬೇಕು ಎಂಬುದೊಂದೇ ಅವರ ಬೇಡಿಕೆ. ಒಂದು ಮಧ್ಯಾಹ್ನ ಸ್ಕೂಟರಿನಿಂದ ಇಳಿದ ರೇವಣಶೇಟರು ಕರವಸ್ತ್ರದ ಗಂಟು ಬಿಚ್ಚಿ, ಹೆಬ್ಬೆರಳಿನಷ್ಟು ದಪ್ಪದ ಎರಡು ಮೋಟಾರುಗಳನ್ನು ಮೇಜಿನ ಮೇಲಿಟ್ಟರು.

"ಮಿಸ್ತ್ರಿ, ಇವು ಸಾವಕಾಶ ಓಡಬೇಕ್ರಿ."

"ಕೆಟ್ಟಾವೇನ್ರಿ?"

"ಕೆಟ್ಟಿಲ್ರಿ. ಭಾಳ ಛಲೋ ಓಡತಾವ, ಅದ ತ್ರಾಸ. ಇಲಿ ಓಡಿದಂಗ ಓಡತದ. ನಲವತ್ತ ಟನ್ನಿನ ಗಾಡಿ ಹಂಗ ಓಡತದೇನು?"

ನಲವತ್ತು ಟನ್ನಿನ ಗಾಡಿ ನನಗೆ ಎಲ್ಲೂ ಕಾಣಲಿಲ್ಲ. ತಲೆ ಸರಿಯಿಲ್ಲ ಎಂದುಕೊಂಡೆ. ಆದರೂ ಹೊಸ ಕೆಲಸ, ಕೈ ಸುಮ್ಮನಿರಲಿಲ್ಲ. ಹಳೆಯ ತಂತಿ ಬಿಚ್ಚಿ, ಇನ್ನೂ ತೆಳುವಾದದ್ದನ್ನು ಹೆಚ್ಚು ಸುತ್ತು ಹಾಕಿ ಕೊಟ್ಟೆ. ಮರುವಾರ ಟ್ಯಾಂಕನ್ನೇ ಡಬ್ಬಿಯಲ್ಲಿಟ್ಟುಕೊಂಡು ಬಂದರು. ಅದು ನನ್ನ ಅಂಗಡಿಯ ನೆಲದ ಮೇಲೆ ತೆವಳುತ್ತ ಹೋಗಿ, ಬಿದ್ದಿದ್ದ ಒಂದು ಕಬ್ಬಿಣದ ಪಟ್ಟಿಯನ್ನು ಹತ್ತಿ, ಮೂತಿಯನ್ನು ಮೇಲೆತ್ತಿ ಒಂದು ಕ್ಷಣ ನಿಂತು, ಆಮೇಲೆ ಭಾರವಾಗಿ ಆಚೆಗೆ ಇಳಿಯಿತು. ರೇವಣಶೇಟರು ಟ್ಯಾಂಕನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. "ನೋಡ್ರಿ, ಈಗ ವಜನ ಬಂತು" ಎಂದರು. "ಬಂತ್ರಿ, ಬಂತು" ಎಂದು ನಾನು ಕೆಲಸಕ್ಕೆ ತಿರುಗಿದೆ.

ಅಂದಿನಿಂದ ಏಳೆಂಟು ವರ್ಷ, ವಾರಕ್ಕೆ ಎರಡು ಮೂರು ಸಲವಾದರೂ ಬರುತ್ತಿದ್ದರು. ಕಂಪನಿ ಕೊಟ್ಟಿದ್ದ ಒಂದೊಂದೇ ಭಾಗ ಬದಲಾಯಿತು. ಗಾಲಿಗಳನ್ನು ಸುತ್ತುವ ಪ್ಲಾಸ್ಟಿಕ್ಕಿನ ಪಟ್ಟೆಗಳು ಹೋಗಿ ಲೋಹದ ಪಟ್ಟೆಗಳು ಬಂದವು. ನನ್ನ ಗುಜರಿಯ ತಾಮ್ರದ ತಂತಿ ಹೊಸೆದು ಹಿಂಬದಿಗೆ ಎಳೆಯುವ ಹಗ್ಗ ಮಾಡಿದರು. ಚಾದರಿನ ಅಂಚನ್ನು ಚಹಾದಲ್ಲಿ ಕುದಿಸಿ, ಟ್ಯಾಂಕಿನ ಮೇಲೆ ಹೊದಿಸುವ ತಾಡಪತ್ರಿ ಮಾಡಿದರು. ಕಬ್ಬಿಣದ ಪುಡಿ ನೆನೆಸಿಟ್ಟು ತುಕ್ಕು ಬರಿಸಿದರು. ಹನ್ನೂರಿನ ಹೊಲದಿಂದ ಕಪ್ಪು ಎರಿಮಣ್ಣು ತರಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿ, ಸಣ್ಣ ಬ್ರಷ್ಷಿನಿಂದ ಗಾಲಿಗಳ ಸಂದಿಯಲ್ಲಿ ಮೆತ್ತಿದರು. ಮಣ್ಣು ತಂದುಕೊಟ್ಟವನು ನಾನೇ.

"ಶೇಟ್ರ, ಹೊಲಸ ಬೇಕಂದ್ರ ನಮ್ಮ ಎತ್ತಿನ ಗಾಡಿ ಒಯ್ರಿ. ಫುಕಟ್ ಅದ" ಎಂದು ಕೆಣಕುತ್ತಿದ್ದೆ.

ಅವರು ನಗುತ್ತಿದ್ದರು, ಸ್ವಲ್ಪ ತಡವಾಗಿ. ಆಮೇಲೆ ಗಂಭೀರವಾಗಿ ಹೇಳುತ್ತಿದ್ದರು: "ಹೊಸಾದ್ರಾಗ ಏನದ ಮಿಸ್ತ್ರಿ? ಬರೇ ಪ್ಲಾಸ್ಟಿಕ್ ಅದ. ದುಡದಿದ್ದಕ್ಕ ಹೊಲಸ ಹತ್ತತದ. ಎಲ್ಲಿ ಹೊಲಸ ಹತ್ತೇದ ನೋಡಿದ್ರ, ಏನ ದುಡದದ ಅಂತ ತಿಳೀತದ."

ಅವರಿಗೆ ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದುಕೊಂಡು ಬೆಳೆದವನು ನಾನು. ಅದರಿಂದ ಎಷ್ಟೋ ಜನರ ಕಷ್ಟ ತಿಳಿಯದೆ ಆರಾಮಾಗಿ ಇದ್ದೇನೆ. ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು, ಸೊಸೆಯಂದಿರು ಸೇರಿ ಹದಿನಾಲ್ಕು ಜನರ ಮನೆ ಅವರದು. ಎಲ್ಲರೂ ಒಳ್ಳೆಯವರೇ. ಒಮ್ಮೆ ಮಾತ್ರ, ಮಾತಿಗೆ ಮಾತು ಬಂದು, "ಇದೇನು ಮಾಡಾಕತ್ತೀರಿ ಅಂತ ಮನ್ಯಾಗ ಕೇಳೂದಿಲ್ಲೇನ್ರಿ?" ಎಂದೆ.

"ಕೇಳ್ತಾರ್ರಿ. ಊಟಾ ಆತೇನು ಅಂತ ಕೇಳ್ತಾರ" ಎಂದರು.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನದ ಪ್ರಸಂಗ ಹೇಳಲೇಬೇಕು. ಟ್ಯಾಂಕನ್ನು ಹಳೆಯದು ಮಾಡುವ ಕೆಲಸ ಎಂಟು ತಿಂಗಳು ನಡೆದಿತ್ತು. ಮಣ್ಣು, ತುಕ್ಕು, ಎಣ್ಣೆಯ ಕಲೆ ಎಲ್ಲ ಕೂತಿದ್ದವು. ಅವು ಅಳಿಯದ ಹಾಗೆ ಮೇಲೊಂದು ಕೈ ವಾರ್ನಿಶ್ ಕೊಡುವುದು ಬಾಕಿ. ಹಬ್ಬದ ದಿನ ಅಂಗಡಿಯ ಬಟ್ಟೆ ಅಳೆಯುವ ಗಜ, ಕತ್ತರಿ, ತಕ್ಕಡಿಯ ಪೂಜೆಗೆಂದು ಸಾಮಾನು ತೊಳೆಯುತ್ತಿದ್ದ ಅವರ ಅತ್ತಿಗೆಯ ಕಣ್ಣಿಗೆ ಅದು ಬಿತ್ತು. ಮನೆಯಲ್ಲಿ ಖರೇ ಆಯುಧ ಇರುವುದು ಇದೊಂದೇ, ಅದೂ ಇಷ್ಟು ಹೊಲಸಾಗಿ ಕೂತಿದೆ ಎಂದು ಆ ತಾಯಿಗೆ ಕನಿಕರವಾಯಿತು. ಸೋಪಿನ ಪುಡಿ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಯೆಲ್ಲ ತಿಕ್ಕಿ, ಫಳಫಳ ಮಾಡಿ, ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಎದುರಿಗೆ ಕಾಯಿ ಒಡೆದು, ನೀರನ್ನು ಅದರ ಮೇಲೆಯೇ ಬಿಟ್ಟರು.

ರೇವಣಶೇಟರು ಮಾಡಿದ್ದೇನು? ಕೈಮುಗಿದರು. ಪ್ರಸಾದ ತೆಗೆದುಕೊಂಡರು. "ಛಲೋ ಮಾಡಿದ್ರಿ ವೈನಿ" ಎಂದರು. ಹಬ್ಬದ ಮರುದಿನ ನನ್ನಲ್ಲಿಗೆ ಬಂದು, ಕಾಯಿನೀರು ಕುಡಿದು ಬಿಗಿದುಕೊಂಡ ಮೋಟಾರುಗಳನ್ನು ಮೇಜಿನ ಮೇಲಿಟ್ಟು, ಇಡೀ ಕಥೆ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು.

"ಸಿಟ್ಟ ಬರಲಿಲ್ಲೇನ್ರಿ?"

"ಸಿಟ್ಟ ಹ್ಯಾಂಗ ಬರಬೇಕ್ರಿ? ನಮ್ಮ ಮನ್ಯಾಗ ಅದನ್ನ ಯಾರರೆ ಕೈಲೆ ಮುಟ್ಟಿದ್ದು ಅವತ್ತ ಮೊದಲು."

ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಟ್ಯಾಂಕನ್ನು ನನ್ನ ಅಂಗಡಿಯಲ್ಲೇ ಇಟ್ಟರು. ನಾನು ಯಾವುದನ್ನೂ ತೊಳೆಯುವವನಲ್ಲ ಎಂಬ ಭರವಸೆ ಅವರಿಗಿತ್ತು. ಸುಟ್ಟ ಮೋಟಾರುಗಳ ನಡುವೆ ಒಂದು ಹಲಗೆಯ ಮೇಲೆ ಅದು ಕೂತಿತು. ಮಧ್ಯಾಹ್ನ ಅವರು ಸ್ಟೂಲಿನ ಮೇಲೆ ಬಾಗಿ ಬ್ರಷ್ಷು ಹಿಡಿಯುವುದು, ಇತ್ತ ನಾನು ತಂತಿ ಸುತ್ತುವುದು. ದಿನಾ ಕಣ್ಣಿಗೆ ಬೀಳುತ್ತಿದ್ದ ಅದನ್ನು ನಾನು ಒಂದು ದಿನವೂ ನೆಟ್ಟಗೆ ನೋಡಲಿಲ್ಲ.

ಅದು ಮುಗಿದ ವರ್ಷ ಪುಣೆಯಲ್ಲಿ ಇಂಥ ಮಾದರಿ ಮಾಡುವವರ ಎರಡು ದಿನದ ಪ್ರದರ್ಶನವಿತ್ತು. ಅವರಿಗೆ ಕರೆ ಬಂದಿತ್ತು. ಆ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಐದನೆಯ ದಿನ ಕೇಳಿದರು: "ಮಿಸ್ತ್ರಿ, ನೀವೂ ಬರ್ರಲ್ಲ. ಎರಡ ದಿನದ ಮಾತು."

"ಹಿಂಗಾರಿ ಹಂಗಾಮ ಅದ ಶೇಟ್ರ. ಹೊರಗ ನೋಡ್ರಿ, ಪಂಪ ಸಾಲ ಹಚ್ಚಿ ಕುಂತಾವ. ಫುರಸತ್ತ ಎಲ್ಲದ?"

"ಹೌದ್ ಹೌದು. ಕೆಲಸಾ ಮೊದಲ" ಎಂದರು. ಅಷ್ಟೇ. ಇನ್ನೊಮ್ಮೆ ಕೇಳಿದ್ದರೆ ಹೋಗುತ್ತಿದ್ದೆನೋ ಏನೋ. ಇನ್ನೊಮ್ಮೆ ಕೇಳುವ ಜಾತಿಯಲ್ಲ ಅವರು.

ತಿರುಗಿ ಬಂದವರ ಮುಖ ಅರಳಿತ್ತು. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಲ್ಲಿಗೆ ಕೊಲ್ಲಾಪುರದ ಕಡೆಯ ಒಬ್ಬ ನಿವೃತ್ತ ಸುಬೇದಾರರು ಬಂದಿದ್ದರಂತೆ. ಖರೇ ಟ್ಯಾಂಕು ಓಡಿಸಿದವರಂತೆ. ಎಲ್ಲರ ಮಾದರಿ ದಾಟಿ ಬಂದು ಇವರದರ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅರ್ಧ ತಾಸು ನೋಡಿದರಂತೆ.

"ಹಗ್ಗ ಯಾತರದು ಅಂತ ಕೇಳಿದ್ರು. ನಮ್ಮ ಗೆಳೆಯಾಂದು ಅಂಗಡಿ ಅದ, ಅವರ ತಾಮ್ರದ ತಂತಿ, ಅಂದೆ. ಎಡಗಡೆ ಅಂಚಿಗಷ್ಟ ಬಣ್ಣ ಯಾಕ ಹೋಗೇದ ಅಂದ್ರು. ಡ್ರೈವರ್ ದಿನಾ ಅಲ್ಲೇ ಕಾಲಿಟ್ಟ ಹತ್ತತಾನ್ರಿ, ಅಂದೆ. ಏಕದಂ ಬರೋಬ್ಬರ ಅಂತ ನನ್ನ ಕೈ ಹಿಡದ್ರು, ಮಿಸ್ತ್ರಿ."

ಅವರು ಇನ್ನೂ ಹೇಳುತ್ತಲೇ ಇದ್ದರು. ನನ್ನ ಮುಂದೆ ಕುಂಭಾರಿಯ ರೈತನೊಬ್ಬನ ಮೋಟಾರು ಬಿಚ್ಚಿಕೊಂಡು ಕೂತಿತ್ತು, ಆತ ಬಾಗಿಲಲ್ಲೇ ನಿಂತಿದ್ದ. ನಾನು ಹೂಂ ಹೂಂ ಎಂದೆ.

ಹೋದ ಚಳಿಗಾಲದಲ್ಲಿ ರೇವಣಶೇಟರು ತೀರಿಕೊಂಡರು. ಗಾದಿಯ ಮೇಲೆ, ಗಿರಾಕಿಯ ಮುಂದೆ ಚಾದರು ಬಿಡಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡರಂತೆ. ಮಣ್ಣಿಗೆ ಹೋಗಿ ಬಂದೆ. ದಿನಗಳು ಮುಗಿದ ಮೇಲೆ ಟ್ಯಾಂಕನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೋದೆ. ಅವರ ವಸ್ತು ಅವರ ಮನೆಯಲ್ಲಿರಲಿ ಎಂದು. ಅತ್ತಿಗೆ ಡಬ್ಬಿಯ ಒಳಗೆ ನೋಡಿದರು, ಮುಟ್ಟಲಿಲ್ಲ.

"ನೀವ ಇಟಗೋರಿ. ಆ ಹೊಲಸ ಬೇಕಂತ ಹಚ್ಚಿದ್ದು ಅಂತ ನನಗ ಆಮ್ಯಾಲ ಗೊತ್ತಾತು. ರೇವಣ ಒಂದ ಮಾತ ಅನಲಿಲ್ಲ ನೋಡ್ರಿ ನನಗ."

ಸಮಾಧಾನಕ್ಕೆ ಏನಾದರೂ ಹೇಳಬೇಕೆನ್ನಿಸಿತು. "ಪುಣೆದಾಗ ಶೇಟ್ರು ಭಾಳ ಹೆಸರ ಮಾಡಿದ್ರಿ ಅಕ್ಕಾರ. ಎಲ್ಲಾರೂ ನಿಂತ ನೋಡಿದ್ರಂತ" ಎಂದೆ.

ಅವರು ಸೆರಗಿನಿಂದ ಕಣ್ಣೊರಸುವುದನ್ನು ನಿಲ್ಲಿಸಿದರು. "ಪುಣೆಗೆ ಎಲ್ಲಿ ಹೋದ್ನ್ರಿ ಅಂವಾ? ಸ್ಟೇಶನ್ ತನಕ ಹೋಗಿ ತಿರಗಿ ಬಂದಾನ. ಆ ಎರಡೂ ದಿನಾ ಅಕ್ಕಲಕೋಟದಾಗ ನಮ್ಮ ತಂಗಿ ಮನ್ಯಾಗ ಇದ್ದ. ಈ ಡಬ್ಬಿ ಬಾಜೂಕ ಇಟಗೊಂಡ ಅಂಗಳದಾಗ ಕುಂತಿದ್ದನಂತ. ಯಾಕೋ ಅಂತ ಅಕಿ ಕೇಳಿದ್ರ, ಜತೀಗೆ ಯಾರೂ ಇಲ್ಲಕ್ಕ, ಒಬ್ಬನ ಹೋಗಿ ನಿಂತು ಯಾರ ಮಾರಿ ನೋಡ್ಲಿ, ಅಂದನಂತ."

ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ಸುಬೇದಾರರು ಇರಲೇ ಇಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು, ರೇವಣಶೇಟರು ಅಷ್ಟು ವರ್ಷ ಕಾದರೂ ನಾನು ಕೇಳದೇ ಹೋದದ್ದಕ್ಕೆ, ಆ ಅಂಗಳದಲ್ಲಿ ಕೂತು ಒಬ್ಬ ಸುಬೇದಾರನನ್ನು ಹುಟ್ಟಿಸಿ ಅವನ ಬಾಯಿಂದ ಕೇಳಿಸಿಕೊಂಡಿದ್ದರು. ಉತ್ತರಗಳನ್ನು ತಂದು ನನಗೇ ಹೇಳಿದ್ದರು. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಟ್ಯಾಂಕು ಅದೇ ಹಲಗೆಯ ಮೇಲಿದೆ. ಮಧ್ಯಾಹ್ನ ಕೆಲಸ ನಿಲ್ಲಿಸಿ ನೋಡುತ್ತೇನೆ. ಅದರ ತಲೆಯ ಮೇಲೆ ಎರಡು ಮುಚ್ಚಳಗಳಿವೆ. ಒಂದರಿಂದ ಎದೆಯವರೆಗೆ ಮೇಲೆ ಬಂದ ಪುಟ್ಟ ಸಿಪಾಯಿ ನಿಂತಿದ್ದಾನೆ. ಇನ್ನೊಂದು ಮುಚ್ಚಳವೂ ತೆರೆದಿದೆ, ಒಳಗೆ ಯಾರೂ ಇಲ್ಲ. ಸುಬೇದಾರರು ಕೊನೆಗೆ ಕೇಳಿದ್ದು ಅದನ್ನೇ ಎಂದು ರೇವಣಶೇಟರು ಹೇಳಿದ್ದರು: "ಮುಚ್ಚಳಾ ತೆರೆದದ, ಇದರಾಗಿನ ಮನಿಶ್ಯಾ ಎಲ್ಲಿ ಅಂತ ಕೇಳಿದ್ರು ಮಿಸ್ತ್ರಿ. ಅದಕ್ಕ ನಾ ಏನಂದೆ ಗೊತ್ತೇನ್ರಿ?"

ನಾನು ಆಗ ಸುತ್ತು ಎಣಿಸುತ್ತಿದ್ದೆ. ನಲವತ್ತೊಂದೋ ನಲವತ್ತೆರಡೋ ತಪ್ಪೀತೆಂದು ಕೈ ಎತ್ತಿ ತಡೆದೆ. ಎಣಿಕೆ ಮುಗಿದ ಮೇಲೆ ನಾನು "ಏನಂದ್ರಿ?" ಎಂದು ಕೇಳಲಿಲ್ಲ.