ಒಂದು ಭಾಗಾಕಾರ ಬಾಕಿ

ಕೋಟಿಗಟ್ಟಲೆ ಅಂಕಿಗಳಿರುವ ಅವಿಭಾಜ್ಯ ಸಂಖ್ಯೆಯೊಂದು ಸಿಕ್ಕಿದೆಯೆಂದು ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಗಣಿತವಲ್ಲ, ಯಶೋದಾ ಟೀಚರ್. ಗಣಿತದ ಮೇಷ್ಟ್ರಾದವನು ಇದನ್ನೆಲ್ಲ ಒಪ್ಪಿಕೊಳ್ಳಬಾರದು. ಒಪ್ಪಿಕೊಂಡಿದ್ದೇನೆ, ನಿಮ್ಮಲ್ಲೇ ಇರಲಿ.

ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಹಟಮಾರಿ ಅದು. ಎರಡನ್ನು ಎರಡರಿಂದ ಗುಣಿಸುತ್ತಾ ಗುಣಿಸುತ್ತಾ ಹೋಗಿ, ಕೊನೆಗೆ ಒಂದು ಕಳೆದಾಗ ಸಿಕ್ಕಿದ್ದಂತೆ. ಬರೆಯಲು ಕೂತರೆ ನಮ್ಮ ಹತ್ತನೇ ಕ್ಲಾಸಿನ ಅಷ್ಟೂ ನೋಟ್‌ಬುಕ್ ಸಾಲದು. ಇಷ್ಟಾಗಿ ಇದೇ ಕೊನೆಯದಲ್ಲ. ಇದಕ್ಕಿಂತ ದೊಡ್ಡದು ಇದ್ದೇ ಇದೆ, ಎಲ್ಲಿದೆಯೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಯಶೋದಾ ಎಲ್ಲಿದ್ದಾರೆಂದು ನನಗೆ ಚೆನ್ನಾಗಿ ಗೊತ್ತು. ಕುಂದೂರಿನಲ್ಲಿ.

ನಾಲ್ಕು ವರ್ಷ ನಾವಿಬ್ಬರೂ ಸಕಲೇಶಪುರದಿಂದ ಬೆಳಗೋಡಿನ ಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮೊದಲು ಹತ್ತಿದವರು ಪಕ್ಕದ ಸೀಟಿನ ಮೇಲೆ ಕೊಡೆ ಇಟ್ಟು ಜಾಗ ಹಿಡಿಯಬೇಕು. ಆಮೇಲೆ ನಮ್ಮ ಆಟ: ಎದುರಿಗೆ ತೋಟದ ಆಳುಗಳನ್ನು ತುಂಬಿಕೊಂಡು ಬರುವ ಜೀಪಿನ ನಂಬರ್ ಅವಿಭಾಜ್ಯವೋ ಅಲ್ಲವೋ, ಬೆಳಗೋಡು ಬರುವುದರೊಳಗೆ ಹೇಳಬೇಕು. ಮೊಬೈಲ್ ಮುಟ್ಟುವಂತಿಲ್ಲ.

ಒಂದು ದಿನ ಬಂದದ್ದು 8633. ತೊಂಬತ್ತಮೂರನ್ನು ತೊಂಬತ್ತಮೂರರಿಂದಲೇ ಗುಣಿಸಿದರೆ ಅದನ್ನು ದಾಟುತ್ತದೆ. ಆದ್ದರಿಂದ ತೊಂಬತ್ತಮೂರಕ್ಕಿಂತ ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಎಂಬತ್ತಮೂರರವರೆಗೆ ಬಂದೆ. ಯಾವುದರಿಂದಲೂ ಹೋಗಲಿಲ್ಲ. ಅಷ್ಟರಲ್ಲಿ ಊರು ಬಂತು, "ಅವಿಭಾಜ್ಯ!" ಎಂದು ಘೋಷಿಸಿಯೇಬಿಟ್ಟೆ.

"ಎಂಬತ್ತೊಂಬತ್ತು ಹಾಕಿ ನೋಡಿದ್ರಾ ಮೇಷ್ಟ್ರೇ?" ಯಶೋದಾ ಇಳಿಯುತ್ತಾ ಕೇಳಿದರು.

"ಇಲ್ಲ."

"ತೊಂಬತ್ತೇಳು ಸಲ ಸರಿಯಾಗಿ ಹೋಗ್ತೈತೆ. ನಿಮ್ದು ಯಾವಾಗ್ಲೂ ಇದೇ ಆಯ್ತು ಕಣ್ರೀ. ಇನ್ನೊಂದೇ ಒಂದು ಇರೋವಾಗ ನಿಲ್ಲಿಸ್ಬುಡ್ತೀರಿ."

ನಿಜ. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಲು ನಾಲ್ಕು ವರ್ಷ ಆ ಸೀಟಿನಲ್ಲಿ ಕೂತು ತಯಾರಾಗಿದ್ದೆ. ಕಾಫಿ ಹೂವಿನ ಮಳೆ, ಏಳನೇ ಕ್ಲಾಸಿನ ಪರೀಕ್ಷೆ, ಅವರ ತಾಯಿಯ ಮಂಡಿನೋವು, ಎಲ್ಲವನ್ನೂ ವಿಚಾರಿಸಿದೆ. ಅದೊಂದನ್ನು ಬಿಟ್ಟು. ಜೂನ್‌ನಲ್ಲಿ ಅವರಿಗೆ ಕುಂದೂರಿಗೆ ಟ್ರಾನ್ಸ್‌ಫರ್ ಆಯಿತು.

ಈಗಲೂ ಕೈ ತಾನಾಗಿ ಪಕ್ಕದ ಸೀಟಿನ ಮೇಲೆ ಕೊಡೆ ಇಡುತ್ತದೆ. "ಯಾರೂ ಬರಕಿಲ್ಲ, ತೆಗೀರಿ ಮಾರಾಯ್ರೆ, ಜನ ನಿಂತವ್ರೆ" ಎನ್ನುತ್ತಾನೆ ಕಂಡಕ್ಟರ್. ತೆಗೆಯುತ್ತೇನೆ. ದಿನಾ ತೆಗೆದರೂ ದಿನಾ ಸಂಕಟವಾಗುತ್ತದೆ.

ಪೇಪರಿನ ಆ ಸುದ್ದಿಯ ಫೋಟೊ ತೆಗೆದು, "ಇದು ಖಂಡಿತ ಅವಿಭಾಜ್ಯವಂತೆ" ಎಂದು ಅವರಿಗೆ ಕಳಿಸಿದೆ. ಊಟದ ಹೊತ್ತಿಗೆ ಉತ್ತರ ಬಂತು: "ಪೂರ್ತಿ ನೋಡವ್ರಂತಾ? ಇಲ್ಲ ನಿಮ್ಮಂಗೆ ಒಂದು ಬಾಕಿ ಉಳಿಸವ್ರಾ?"

ಇವತ್ತು ಭಾನುವಾರ. ಕುಂದೂರಿನ ಬಸ್ಸಿನಲ್ಲಿ ಕೂತಿದ್ದೇನೆ. ಪಕ್ಕದಲ್ಲಿ ಯಾರೋ ಅಜ್ಜಿ ಕೂತಿದ್ದಾರೆ, ಕೊಡೆ ನನ್ನ ತೊಡೆಯ ಮೇಲಿದೆ. ಎದುರಿಗೆ ಎಷ್ಟೋ ಜೀಪು ಹೋದವು, ಒಂದರ ನಂಬರನ್ನೂ ನೋಡಲಿಲ್ಲ. ಉತ್ತರ ಏನೇ ಬರಲಿ, ಈ ಸಲ ಎಂಬತ್ತೊಂಬತ್ತನ್ನೂ ಹಾಕಿ ನೋಡಿಯೇ ವಾಪಸ್ ಬರುವುದು.