ಸಂತೆಯ ದಿನ ಹಗೇವು ತೆಗೆದದ್ದು

ಯಾರಾದರೂ ಬಾವಿಗೆ ಬಗ್ಗಿ ನೋಡುತ್ತಿದ್ದರೆ ನನಗೆ ಈಗಲೂ ತಡೆಯಲಾಗುವುದಿಲ್ಲ. ಗುರುತು ಪರಿಚಯ ಇಲ್ಲದವರನ್ನೂ ಸೆರಗು ಹಿಡಿದು ಹಿಂದಕ್ಕೆ ಎಳೆದಿದ್ದೇನೆ, ಬೈಸಿಕೊಂಡಿದ್ದೇನೆ. ಬೈಯಲಿ. ನನ್ನ ಅಂಜಿಕೆ ಎಲ್ಲಿಂದ ಬಂದದ್ದು ಅಂತ ನನಗೆ ಗೊತ್ತು.

ನಮ್ಮೂರು ರಾಯಬಾಗ ತಾಲೂಕಿನದು, ಮುಗಳಖೋಡದ ಸಂತೆಗೆ ನಡೆದು ಹೋಗಿಬರುವಷ್ಟು ಹತ್ತಿರ. ಕಾಲುವೆ ಬರುವ ಮೊದಲು ಅದು ಜೋಳದ ಊರು. ಮನೆಮನೆಯ ಮುಂದೆ ಒಂದು ಹಗೇವು ಇತ್ತು. ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಕುಣಿ. ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಕೆಳಗೆ ದೊಡ್ಡ ಹೊಟ್ಟೆ. ಸುಗ್ಗಿಯಾದ ಮೇಲೆ ಜೋಳ ಸುರಿದು, ಹುಲ್ಲು ಹಾಸಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ಕಾಲುವೆ ಬಂದು ಎಲ್ಲರೂ ಕಬ್ಬು ಹಚ್ಚಿದ ಮೇಲೆ ನೆಲಕ್ಕೆ ತೇವ ಇಳಿಯಿತು. ಜನ ಹಗೇವುಗಳಿಗೆ ಮಣ್ಣು ತುಂಬಿ ಮುಚ್ಚಿದರು. ನಮ್ಮದನ್ನು ಮಾತ್ರ ಅಪ್ಪನ ತಾಯಿ ಮುಚ್ಚಗೊಡಲಿಲ್ಲ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ನಮ್ಮ ಹೊಲದ ಕೊನೆಯ ಜೋಳ ಅದರಲ್ಲಿತ್ತು. ಮನೆಯ ಮುಂದಿನ ಹಗೇವು ಬರಿದಾದರೆ ಮನೆ ಬರಿದಾದ ಹಾಗೆ ಎಂಬುದು ಅವಳ ನಂಬಿಕೆ.

ಕಬ್ಬಿನ ದುಡ್ಡು ಬರುತ್ತಿದ್ದ ವರ್ಷಗಳಲ್ಲಿ ನಮ್ಮ ನಾಲಿಗೆ ಕೆಟ್ಟಿತು ಎಂದೇ ಹೇಳಬೇಕು. ಬೀಗರು ಬಂದರೆ ರೊಟ್ಟಿ ಬಡಿಸುವುದಕ್ಕೆ ಅಪ್ಪನಿಗೆ ನಾಚಿಕೆ. ಗೋಧಿ ಚಪಾತಿಯೇ ಆಗಬೇಕು, ಬದನೆಕಾಯಿ ಪಲ್ಯದ ಮೇಲೆ ಎಣ್ಣೆ ತೇಲಬೇಕು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಎಲ್ಲದರ ಧಾರಣೆ ಏರಿತು. ಗೊಬ್ಬರ ಏರಿತು, ಶೇಂಗಾ ಎಣ್ಣೆ ಏರಿತು, ತೊಗರಿಬೇಳೆ ಕೈಗೆ ಎಟುಕದಾಯಿತು. ಕಾರ್ಖಾನೆಗೆ ಹೋದ ಕಬ್ಬಿನ ಬಿಲ್ಲು ಮಾತ್ರ ಇಂದು ಬಂದೀತು ನಾಳೆ ಬಂದೀತು ಎಂದು ಕಾಯಿಸುತ್ತಿತ್ತು. ಜೋಳ ಬೆಳೆಯುವುದನ್ನು ಬಿಟ್ಟ ನಾವು ಜೋಳವನ್ನೇ ಸಂತೆಯಲ್ಲಿ ಕೊಳ್ಳಬೇಕಾಗಿತ್ತು. ಹೊಲದ ತುಂಬ ಬೆಳೆ ನಿಂತಿತ್ತು, ಅದರಲ್ಲಿ ಬೀಸಿ ತಿನ್ನುವಂಥದು ಒಂದು ಕಾಳೂ ಇರಲಿಲ್ಲ.

ಮೊದಲು ಹೋದದ್ದು ಮಜ್ಜಿಗೆ. ಎಮ್ಮೆಯ ಹಾಲೆಲ್ಲ ಡೇರಿಗೆ ಹೋಗತೊಡಗಿತು, ಮನೆಯಲ್ಲಿ ಕರಿ ಚಹಾ ಉಳಿಯಿತು. ಆಮೇಲೆ ಬೇಳೆ ತೆಳುವಾಯಿತು. ಒಗ್ಗರಣೆ ಹಬ್ಬಕ್ಕಷ್ಟೇ ಎಂದಾಯಿತು. ಮಧ್ಯಾಹ್ನ ಸೊಸಾಯಿಟಿ ಅಕ್ಕಿಯ ಗಂಜಿ, ರಾತ್ರಿ ರೊಟ್ಟಿ, ಜೊತೆಗೆ ಹಸಿ ಖಾರ. ಅವ್ವ ಹಿಟ್ಟಿನ ಉಂಡೆಯನ್ನು ಚಿಕ್ಕದು ಮಾಡಿ, ರೊಟ್ಟಿಯನ್ನು ಮಾತ್ರ ಮೊದಲಿನಷ್ಟೇ ಅಗಲ ಬಡಿಯುತ್ತಿದ್ದಳು. ಬಡಿಯುವ ಸಪ್ಪಳವನ್ನೂ ಬೇಕೆಂದೇ ಲಂಬಿಸುತ್ತಿದ್ದಳು. ಓಣಿಯಲ್ಲಿ ಸಂಜೆ ಯಾರ ಮನೆಯಲ್ಲಿ ಎಷ್ಟು ಹೊತ್ತು ರೊಟ್ಟಿಯ ಸಪ್ಪಳ ಬಂತು ಎಂಬುದರ ಮೇಲೆ ಆ ಮನೆಯ ಮರ್ಯಾದೆ ನಿಂತಿತ್ತಲ್ಲ, ಅದಕ್ಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಯಿ ಮಗನ ಕಡೆ ನೋಡಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ನನಗೆ ಆಗ ಹದಿನೈದೋ ಹದಿನಾರೋ. ಎಲ್ಲರದೂ ಆದ ಮೇಲೆ ಉಣ್ಣುವವಳು ಅವ್ವ. ಅವಳು ಏನು ಉಣ್ಣುತ್ತಾಳೆ ಎಂದು ನಾನಾಗಲಿ ಅಪ್ಪನಾಗಲಿ ತಿರುಗಿ ನೋಡಿದವರಲ್ಲ. ಅವಳ ಬಳೆಗಳು ಮೊಣಕೈವರೆಗೆ ಏರತೊಡಗಿದಾಗ ನೋಡಿದೆ. ಅಂದಿನಿಂದ ಅಂಜಿಕೆ ಶುರುವಾಯಿತು. ಒಂದು ಮುಂಜಾನೆ ಒಲೆಯ ಮುಂದಿನಿಂದ ಏಳುವಾಗ ಅವಳು ಗೋಡೆ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಕೇಳಿದರೆ ಹೊಗೆ ಎಂದಳು.

ಕೊನೆಗೆ ಹಿಟ್ಟಿನ ಡಬ್ಬಿಯ ತಳ ಕಂಡಾಗ ಹಗೇವು ತೆಗೆಯುವ ಮಾತು ಬಂತು. ಆಯಿ ಒಪ್ಪಿದಳು, ಆದರೆ ಅದಕ್ಕೊಂದು ರೀತಿಯಿದೆ ಎಂದಳು. ಓಣಿಯ ನಾಲ್ಕು ಮಂದಿಯನ್ನು ಕರೆಯಬೇಕು, ಬಾಯಿ ತೆಗೆದು ಒಂದು ದಿನ ಪೂರ್ತಿ ಹಾಗೇ ಬಿಡಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಮರುದಿನ ಕಂದೀಲು ತಳದವರೆಗೆ ಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಆದರೆ ಹಗೇವಿನ ಬಾಯಿ ಒಂದು ದಿನ ತೆರೆದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ, ಕಬ್ಬಿನ ಮನೆಯವರು ಹಳೆಯ ಜೋಳ ಕೆದರುತ್ತಿದ್ದಾರೆ ಎಂದು. ಆಯಿಯ ಮಾತನ್ನು ಬದಿಗಿಟ್ಟು ಅವನು ಸಂತೆಯ ದಿನವನ್ನು ಆರಿಸಿಕೊಂಡ.

“ಇವತ್ತ ಓಣ್ಯಾಗ ಯಾರೂ ಇರೂದಿಲ್ಲ,” ಎಂದ. “ಮಂದಿ ತಿರುಗಿ ಬರೂದ್ರಾಗ ತಗದ ಮುಚ್ಚಿಬಿಡೂಣು.”

ಮಧ್ಯಾಹ್ನ ಕಲ್ಲು ಸರಿಸಿದೆವು. ಹುಳಿತ ಹಿಟ್ಟಿನಂಥ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಅಪ್ಪ ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಎಳೆದಾಡಿ ಗಾಳಿ ಆಡಿಸಿದ. ಕಂದೀಲು ಬಿಟ್ಟ. ಅದು ಅರ್ಧದವರೆಗೆ ಉರಿಯಿತು. ಅಷ್ಟಕ್ಕೇ ಸಾಕು ಎಂದು ಮೇಲೆ ಎಳೆದುಕೊಂಡ. ಹಗೇವಿನ ಬಾಯಿಯಲ್ಲಿ ಅವನ ಭುಜ ಹಿಡಿಸಲಿಲ್ಲ. ನಾನು ಇಳಿಯುತ್ತೇನೆ ಎಂದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಕಚ್ಚೆ ಹಾಕಿಕೊಂಡಳು. ಬಗಲಿಗೆ ಹಗ್ಗ ಕಟ್ಟಿಸಿಕೊಂಡು ಇಳಿದಳು. ಒಂದು ಕಾಲಕ್ಕೆ ತುಂಬಿದ ಮೈಯವಳು, ಆ ಸಣ್ಣ ಬಾಯಿಯೊಳಗೆ ನೀರಿನ ಹಾಗೆ ಜಾರಿಹೋದಳು. ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.

ಮೊದಲ ಬುಟ್ಟಿ ಮೇಲೆ ಬಂತು. ಬರೀ ಕಪ್ಪು, ಬೂಷ್ಟು ಹಿಡಿದು ಗಂಟುಗಟ್ಟಿದ ಜೋಳ. ಕೆಳಗಿನದು ಛಲೋ ಇದ್ದೀತು, ಬಗ್ಗಿ ಕೆದರಿ ನೋಡು ಎಂದು ಅಪ್ಪ ಒಳಗೆ ಮುಖ ಹಾಕಿ ಹೇಳಿದ. ಹೂಂ ಎಂದಳು. ಕೆದರುವ ಸಪ್ಪಳ ಕೇಳುತ್ತಿತ್ತು. ಆಮೇಲೆ ನಿಂತಿತು. ಅಪ್ಪ ಕರೆದ. ಮತ್ತೆ ಕರೆದ. ನಾನು ಹಗ್ಗ ಜಗ್ಗಿದೆ. ಸಡಿಲವಿದ್ದ ಹಗ್ಗ ಬಿಗಿಯಾಯಿತು, ಆ ತುದಿಯಲ್ಲಿ ಬರೀ ಭಾರ ಇತ್ತು.

ಇಬ್ಬರೂ ಸೇರಿ ಎಳೆದೆವು. ಅವ್ವನ ತಲೆ ಬಾಯಿಯವರೆಗೆ ಬಂತು, ವಾಲಿದ ಭುಜ ಕಲ್ಲಿಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸತ್ತಳು ಎಂದೇ ನನಗನಿಸಿತು. ನಾನು ಕೂಗಲು ಬಾಯಿ ತೆರೆದದ್ದನ್ನು ಅಪ್ಪ ಕಂಡ.

“ಒದರಬ್ಯಾಡ, ಮಂದಿ ಕೂಡತೈತಿ,” ಎಂದ.

ಅಪ್ಪ ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಅಂದ. ನಾನು ಒದರಿದೆ. ಗಂಟಲು ಹರಿಯುವ ಹಾಗೆ ಒದರಿದೆ.

ಓಣಿ ಖಾಲಿ ಎಂದು ತಿಳಿದಿದ್ದೆವು. ಎಡಗಡೆಯ ಬಾಗಿಲು ತೆರೆಯಿತು, ಎದುರಿನದು ತೆರೆಯಿತು, ಅದರಾಚೆಯದೂ ತೆರೆಯಿತು. ಒಂದೊಂದು ಬಾಗಿಲಿನಿಂದಲೂ ಒಬ್ಬ ಹೆಂಗಸು ಓಡಿ ಬಂದಳು. ಯಾರೂ ಸಂತೆಗೆ ಹೋಗಿರಲಿಲ್ಲ. ಕೊಳ್ಳುವುದಕ್ಕೆ ಕೈಯಲ್ಲಿ ಏನೂ ಇಲ್ಲದೆ, ಹೋಗಿಲ್ಲವೆಂದು ತೋರಿಸಿಕೊಳ್ಳಲಾರದೆ, ಅಗಳಿ ಹಾಕಿಕೊಂಡು ಒಳಗೆ ಕೂತಿದ್ದರು. ಎದುರು ಮನೆಯವಳು ಬೋರಲು ಮಲಗಿ, ಒಳಗೆ ಕೈ ಇಳಿಬಿಟ್ಟು ಅವ್ವನ ಭುಜವನ್ನು ಮಡಿಸಿದಳು. ಉಳಿದವರು ಹಗ್ಗ ಹಿಡಿದರು. ಅವ್ವ ಹೊರಬಂದಳು. ಬೇವಿನ ನೆರಳಲ್ಲಿ ಮಲಗಿಸಿ, ಮುಖಕ್ಕೆ ನೀರು ಹೊಡೆದು, ಸೆರಗಿನಿಂದ ಗಾಳಿ ಬೀಸಿದರು. ಬಹಳ ಹೊತ್ತಿನ ಮೇಲೆ ಒಮ್ಮೆ ಉಸಿರು ಎಳೆದಳು, ಮತ್ತೆ ನಿಲ್ಲಿಸಿದಳು, ಮತ್ತೆ ಎಳೆದಳು. ಆ ನಡುವಿನ ಹೊತ್ತು ನಾನು ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನೆನಪಿಲ್ಲ.

ಆ ಹೆಂಗಸರು ಹೋಗುವಾಗ ಅಪ್ಪನೇ, ತಲೆ ಎತ್ತದೆ, ಹಗೇವಿನ ಬಾಯಿ ಇನ್ನು ತೆರೆದೇ ಇರಲಿ ಎಂದ. ಎರಡು ದಿನ ಬಿಟ್ಟು ಎಲ್ಲರ ಎದುರಿಗೆ ಅದನ್ನು ತೆಗೆದರು. ನಡುಗಡೆಯ ಜೋಳ ತಿನ್ನಲು ಬರುವಂತಿತ್ತು. ಬಂದವರೆಲ್ಲ ಒಂದಿಷ್ಟು ಉಡಿಯಲ್ಲಿ ಕಟ್ಟಿಕೊಂಡು ಹೋದರು. ಯಾರೂ ನಾಚಲಿಲ್ಲ.

ಅಂದು ಸಂಜೆ ಆ ಜೋಳ ಬೀಸಿ ನಾನೇ ರೊಟ್ಟಿ ಮಾಡಿದೆ. ಹಗೇವಿನ ವಾಸನೆ ಹೋಗಿರಲಿಲ್ಲ. ಅಪ್ಪ, ಆಯಿ ಉಂಡು ಎದ್ದಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಬಹಳ ಅಂಜಿಕೆಯಾಯಿತೇನು ಎಂದು ಕೇಳಿದೆ. ಹೌದು ಎನ್ನಲಿ, ಇಬ್ಬರೂ ಸೇರಿ ಅಳೋಣ ಎಂದಿತ್ತು ನನ್ನ ಮನಸ್ಸಿನಲ್ಲಿ.

“ಕಾಲ ಕುಸದಾಗ ಅಂಜಿಕಿ ಆಗಲಿಲ್ಲ ನೋಡ,” ಎಂದಳು, ಬೆಲೆ ಇಳಿದ ಸುದ್ದಿ ಹೇಳುವವಳ ಹಾಗೆ. “ನಾಳಿಂದ ನನ್ನ ರೊಟ್ಟಿ ಉಳೀತಾವ, ನಿನಗ ಹೊಟ್ಟಿ ತುಂಬ ಆಗತೈತಿ ಅನಿಸ್ತು. ಹಗುರ ಆತು.”

ಹಗೇವಿನ ಬಾಯಲ್ಲಿ ಬೂದಿಯಾದ ಅವಳ ಮುಖ ಕಂಡಾಗಲೂ ನಾನು ಇಷ್ಟು ಅಂಜಿರಲಿಲ್ಲ. ಈಗ ಹಗ್ಗ ಹಿಡಿದು ಎಳೆಯಬಹುದಾದ ಜಾಗದಲ್ಲಿ ಅವಳು ಇರಲಿಲ್ಲ. ನನಗೆ ಹಾಕಿಕೊಂಡಿದ್ದ ರೊಟ್ಟಿಯನ್ನು ಅವಳ ಮುಂದಿಟ್ಟು, ನೀನು ಮೊದಲು ಉಣ್ಣು ಎಂದೆ. ಮಕ್ಕಳಿಗಿಂತ ಮೊದಲು ಉಣ್ಣುತ್ತಾರೇನೇ ಹುಚ್ಚಿ ಎಂದು ನಕ್ಕಳು. ನಾನು ತಾಟನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಅದು ಒಳಗೆ ಇಳಿಯುವವರೆಗೆ ನಾನು ಅವಳ ಗಂಟಲನ್ನೇ ನೋಡುತ್ತ ಕುಳಿತೆ.